ಓದುವವರಿಲ್ಲದ ಪುಟಗಳನ್ನು ಬರೆಸಬೇಡಿ: ಲೆಕ್ಕಪತ್ರ ಮಾನದಂಡ ರೂಪಿಸುವವರಿಗೊಂದು ಬಹಿರಂಗ ಪತ್ರ

ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಮಂಡಳಿಯ ಸದಸ್ಯರಿಗೆ, ಆ ಮಾನದಂಡಗಳನ್ನು ತಮ್ಮ ತಮ್ಮ ದೇಶಗಳಲ್ಲಿ ಜಾರಿಗೆ ತರುವ ಅಧಿಕಾರಿಗಳಿಗೆ, ಹಾಗೂ ಆ ಲೆಕ್ಕವನ್ನು ಮುಂದಿಟ್ಟುಕೊಂಡು ಸಾಲ ಮಂಜೂರು ಮಾಡುವವರಿಗೆ,

ಮಾನ್ಯರೇ,

ಸಣ್ಣ ಮತ್ತು ಮಧ್ಯಮ ಉದ್ಯಮಗಳ ಲೆಕ್ಕ ಬರೆಯುವುದು ನನ್ನ ಕಸುಬು. ವರ್ಷದ ಕೊನೆಗೆ ಸಿದ್ಧವಾದ ಹಣಕಾಸು ವರದಿಯನ್ನು ಮಾಲೀಕರ ಮುಂದೆ ಇಟ್ಟರೆ ಅವರ ಕಣ್ಣು ಸಾಮಾನ್ಯವಾಗಿ ಮೂರು ಕಡೆ ಹೋಗುತ್ತದೆ: ಲಾಭ ಎಷ್ಟು, ತೆರಿಗೆ ಎಷ್ಟು, ಸಹಿ ಎಲ್ಲಿ. ಉಳಿದ ಪುಟಗಳನ್ನು ಯಾರು ಓದುತ್ತಾರೆ ಎಂದು ಅವರು ಕೇಳಿದರೆ ಉತ್ತರಿಸುವುದು ಕಷ್ಟ. ಬ್ಯಾಂಕಿನ ಸಾಲ ವಿಭಾಗದವರು ಕೆಲವು ಅಂಕಿಗಳನ್ನು ತಮ್ಮ ನಮೂನೆಗೆ ಇಳಿಸಿಕೊಳ್ಳುತ್ತಾರೆ. ತೆರಿಗೆ ಇಲಾಖೆಗೆ ಅದರದೇ ನಮೂನೆ ಇದೆ. ಷೇರುದಾರರೆಂದರೆ ಮಾಲೀಕರು, ಅವರ ಹೆಂಡತಿ, ಹೆಚ್ಚೆಂದರೆ ಒಬ್ಬ ತಮ್ಮ. ಅವರಿಗೆ ಬೇಕಾದ ಸಮಾಚಾರ ಮನೆಯಲ್ಲೇ ಸಿಗುತ್ತದೆ.

ಹಣಕಾಸು ವರದಿಯನ್ನು ಸರಳಗೊಳಿಸುವ ಮಾತು ಬಂದಾಗಲೆಲ್ಲ ಚರ್ಚೆ ಶುರುವಾಗುವುದು ಎಷ್ಟು ಪುಟ ಕಡಿಮೆ ಮಾಡಬಹುದು ಎಂಬಲ್ಲಿಂದ. ನನ್ನ ತಕರಾರು ಇರುವುದೇ ಅಲ್ಲಿ. ಈ ಲೆಕ್ಕವನ್ನು ಓದುವವರು ಯಾರು, ಓದಿ ಅವರು ಏನನ್ನು ನಿರ್ಧರಿಸುತ್ತಾರೆ ಎಂಬುದು ಮೊದಲು ಇತ್ಯರ್ಥವಾಗಲಿ. ಓದುಗನನ್ನು ತೋರಿಸಲಾಗದ ಪುಟವನ್ನು ಮುಲಾಜಿಲ್ಲದೆ ತೆಗೆಯಿರಿ. ಓದುಗ ಕಾದು ಕುಳಿತಿದ್ದೂ ಪುಟವೇ ಇಲ್ಲದಿದ್ದರೆ ಅದನ್ನು ಸೇರಿಸುವುದಕ್ಕೂ ಹಿಂಜರಿಯಬೇಡಿ. ಈ ಪತ್ರದ ಉದ್ದಕ್ಕೂ ನಾನು ಕೇಳುವುದು ಇದನ್ನೇ.

ಮಂಡಳಿಯವರೇ, ನೀವು ಮಾಡಿದ ಒಳ್ಳೆಯ ಕೆಲಸವನ್ನು ಮರೆತು ದೂರುವುದು ನ್ಯಾಯವಲ್ಲ. 2009ರ ಜುಲೈನಲ್ಲಿ ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆಂದೇ ಪ್ರತ್ಯೇಕ ಐಎಫ್‌ಆರ್‌ಎಸ್ (ಅಂತರರಾಷ್ಟ್ರೀಯ ಹಣಕಾಸು ವರದಿ) ಮಾನದಂಡ ಹೊರಬಂದಾಗ ಅದು ಸುಮಾರು 230 ಪುಟಗಳ, 35 ವಿಭಾಗಗಳ ಪುಸ್ತಕವಾಗಿತ್ತು. ದೊಡ್ಡ ಕಂಪನಿಗಳು ಪಾಲಿಸುವ ಸಾವಿರಾರು ಪುಟಗಳ ಪೂರ್ಣ ಮಾನದಂಡದ ಎದುರು ಇದು ಕೈಪಿಡಿಯಷ್ಟೇ. ಪ್ರತಿ ಷೇರಿನ ಗಳಿಕೆ, ವ್ಯವಹಾರದ ವಿಭಾಗವಾರು ವರದಿ, ಮಧ್ಯಂತರ ವರದಿ ಇವೆಲ್ಲವನ್ನೂ ಕೈಬಿಟ್ಟಿರಿ. ಸಂಶೋಧನೆ ಮತ್ತು ಅಭಿವೃದ್ಧಿಗೆ ಮಾಡಿದ ವೆಚ್ಚವನ್ನು ಆಯಾ ವರ್ಷವೇ ಖರ್ಚು ಹಾಕಿ ಎಂದಿರಿ. ಸಾಲದ ಬಡ್ಡಿಯ ವಿಷಯದಲ್ಲೂ ಅದೇ ಮಾತು. ಗುಡ್‌ವಿಲ್‌ಗೆ, ಅಂದರೆ ಇನ್ನೊಂದು ಉದ್ಯಮವನ್ನು ಕೊಳ್ಳುವಾಗ ಅದರ ನಿವ್ವಳ ಆಸ್ತಿಗಿಂತ ಹೆಚ್ಚಾಗಿ ಕೊಟ್ಟ ಬೆಲೆಗೆ, ಪ್ರತಿವರ್ಷ ಮೌಲ್ಯಪರೀಕ್ಷೆಯ ಕಸರತ್ತು ಬೇಡ, ವರ್ಷ ವರ್ಷ ಇಷ್ಟಿಷ್ಟು ಎಂದು ಕಡಿಮೆ ಮಾಡುತ್ತ ಬನ್ನಿ, ಆಯುಷ್ಯ ಅಂದಾಜಿಗೆ ಸಿಗದಿದ್ದರೆ 10 ವರ್ಷ ಮೀರಬೇಡಿ ಎಂಬ ದಾರಿ ತೋರಿಸಿದಿರಿ. ಇವು ಸಣ್ಣ ಸಹಾಯಗಳಲ್ಲ.

2025ರ ಫೆಬ್ರವರಿಯಲ್ಲಿ ಬಂದ ಮೂರನೆಯ ಆವೃತ್ತಿಯಲ್ಲೂ ಒಂದು ಕಡೆ ನಿಮ್ಮ ಸಂಯಮ ಎದ್ದು ಕಾಣುತ್ತದೆ. ಬಾಡಿಗೆಗೆ ಹಿಡಿದ ಕಟ್ಟಡ, ಯಂತ್ರಗಳನ್ನು ಆಸ್ತಿಯೆಂದೂ ಮುಂದೆ ಕಟ್ಟಬೇಕಾದ ಬಾಡಿಗೆಯನ್ನು ಸಾಲವೆಂದೂ ತೋರಿಸುವ ಪದ್ಧತಿ 2019ರಿಂದ ದೊಡ್ಡ ಕಂಪನಿಗಳಿಗೆ ಜಾರಿಯಲ್ಲಿದೆ. ಅದನ್ನು ಸಣ್ಣವರ ಮೇಲೆ ಹೇರುವ ಮನಸ್ಸು ನೀವು ಮಾಡಲಿಲ್ಲ. ಬ್ರಿಟನ್ ಮಾತ್ರ ತನ್ನ ಎಫ್‌ಆರ್‌ಎಸ್ 102 ಮಾನದಂಡದ ಮೂಲಕ 2026ರ ಜನವರಿ 1ರಿಂದ ಅದನ್ನು ಸಣ್ಣ ಕಂಪನಿಗಳವರೆಗೂ ತಂದಿದೆ. ಬಾಡಿಗೆ ಕರಾರಿನ ಪ್ರತಿ ತೋರಿಸಿದರೆ ಯಾವ ಸಾಲದಾತನಿಗೂ ಅರ್ಥವಾಗುವ ವಿಷಯಕ್ಕೆ ಬಡ್ಡಿದರ ಊಹಿಸಿ, ಮುಂದಿನ ಬಾಡಿಗೆಗಳಿಗೆ ಇಂದಿನ ಬೆಲೆ ಕಟ್ಟಿ, ಸವಕಳಿ ಹಾಕುವ ಕೆಲಸ ನಮಗೆ ಸದ್ಯಕ್ಕೆ ತಪ್ಪಿದೆ. ಅದಕ್ಕಾಗಿ ಧನ್ಯವಾದ.

ಇನ್ನು ತಕರಾರಿಗೆ ಬರುತ್ತೇನೆ.

ಮಾನದಂಡದ ಹೆಸರಿನಲ್ಲಿ 'ಸಣ್ಣ' ಎಂದಿದ್ದರೂ ಒಳಗೆ ಗಾತ್ರದ ಅಳತೆಯೇ ಇಲ್ಲ. ಸಾರ್ವಜನಿಕ ಹೊಣೆಗಾರಿಕೆ ಇಲ್ಲದ ಯಾವುದೇ ಸಂಸ್ಥೆ ಇದನ್ನು ಬಳಸಬಹುದು. ಅಂದರೆ ಷೇರು ಅಥವಾ ಸಾಲಪತ್ರ ಮಾರುಕಟ್ಟೆಯಲ್ಲಿ ವಹಿವಾಟಾಗುತ್ತಿರಬಾರದು, ಬ್ಯಾಂಕು ಅಥವಾ ವಿಮಾ ಕಂಪನಿಯ ಹಾಗೆ ಪರರ ಹಣ ಹಿಡಿದುಕೊಂಡಿರುವುದೇ ಮುಖ್ಯ ವ್ಯವಹಾರವಾಗಿರಬಾರದು. ಇಷ್ಟಾದರೆ ಸಾವಿರಾರು ನೌಕರರ ಖಾಸಗಿ ಕಂಪನಿಗೂ ಐದು ಜನರ ವರ್ಕ್‌ಷಾಪಿಗೂ ಒಂದೇ ಪುಸ್ತಕ. ಮಾನದಂಡ ರೂಪಿಸುವಾಗ ನೀವು ಸುಮಾರು 50 ನೌಕರರ ಉದ್ಯಮವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಿರಿ. ಕರಡನ್ನು 20 ದೇಶಗಳ 116 ಸಣ್ಣ ಸಂಸ್ಥೆಗಳಲ್ಲಿ ಪರೀಕ್ಷೆಗೂ ಒಡ್ಡಿದ್ದಿರಿ. ಆ ಎಚ್ಚರಿಕೆಗೆ ಗೌರವವಿದೆ. ಆದರೆ 50 ನೌಕರರ ಸಂಸ್ಥೆಯಲ್ಲಿ ಲೆಕ್ಕ ವಿಭಾಗ ಎಂಬುದೊಂದು ಇರುತ್ತದೆ. ಐದು ಜನರ ಸಂಸ್ಥೆಯಲ್ಲಿ ಬಿಲ್ ಬರೆಯುವವರು, ಸರಕು ಕಳಿಸುವವರು, ಬಾಕಿ ವಸೂಲಿಗೆ ಫೋನ್ ಮಾಡುವವರು ಎಲ್ಲ ಒಬ್ಬರೇ. ಲೆಕ್ಕ ರಾತ್ರಿಯ ಕೆಲಸ. ಅವರ ಪಾಲಿಗೆ ಇದು ಮೂಗಿಗಿಂತ ಮೂಗುತಿ ಭಾರ.

ಈ ದೂರು ನಿಮ್ಮ ಕಿವಿಗೆ ಬೀಳದೆ ಇಲ್ಲ. 2013ರಲ್ಲಿ ಅತಿಸಣ್ಣ ಸಂಸ್ಥೆಗಳಿಗೆಂದು ಒಂದು ಮಾರ್ಗದರ್ಶಿ ಹೊರತಂದಿರಿ. ತೆರೆದು ನೋಡಿದರೆ, ಮಾನದಂಡದಲ್ಲಿ ಅತಿಸಣ್ಣವರಿಗೆ ಅನ್ವಯಿಸುವ ಭಾಗಗಳನ್ನು ಆಯ್ದು ಒಂದೆಡೆ ಜೋಡಿಸಿದ ಪುಸ್ತಕ ಅದು. ಓದುವ ಪುಟ ಕಡಿಮೆಯಾಯಿತು, ಮಾಡುವ ಕೆಲಸದಲ್ಲಿ ಒಂದು ಗೆರೆಯೂ ಕಡಿಮೆಯಾಗಲಿಲ್ಲ. ವಿಶ್ವಸಂಸ್ಥೆಯ ವಾಣಿಜ್ಯ ಮತ್ತು ಅಭಿವೃದ್ಧಿ ಸಂಸ್ಥೆಯಾದ ಅಂಕ್ಟಾಡ್ ಇದಕ್ಕೂ ಮುಂಚೆಯೇ ಮೂರು ಹಂತಗಳ ವ್ಯವಸ್ಥೆಯೊಂದನ್ನು ಮುಂದಿಟ್ಟಿತ್ತು. ಮೂರನೆಯ ಹಂತದವರಿಗೆ ನಗದು ಲೆಕ್ಕಕ್ಕೆ ಹತ್ತಿರವಿರುವ ಸರಳ ಲೆಕ್ಕ ಸಾಕು ಎಂಬುದು ಅದರ ನಿಲುವು. ಆ ದಿಕ್ಕಿನಲ್ಲಿ ನೀವು ಯಾಕೆ ಹೆಜ್ಜೆ ಇಡಲಿಲ್ಲ ಎಂಬುದು ನನಗೆ ಇಂದಿಗೂ ಸೋಜಿಗ.

ಮಾತು ಗಾಳಿಯಲ್ಲಿ ತೇಲುವುದು ಬೇಡ. ಸಣ್ಣ ಕಂಪನಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದೇ ಒಂದು ನಮೂದನ್ನು ಬಿಡಿಸಿ ತೋರಿಸುತ್ತೇನೆ.

ಮಾಲೀಕರು ತಮ್ಮದೇ ಕಂಪನಿಗೆ ಕೈಗಡವಾಗಿ 100 ಕೊಟ್ಟಿದ್ದಾರೆ ಎಂದುಕೊಳ್ಳಿ. ಬಡ್ಡಿ ಇಲ್ಲ, ಮೂರು ವರ್ಷದ ನಂತರ ವಾಪಸ್ ಎಂದು ಕಾಗದ ಆಗಿದೆ. ಸಾಮಾನ್ಯ ಬುದ್ಧಿಯ ಲೆಕ್ಕದಲ್ಲಿ ಕಂಪನಿಗೆ 100 ನಗದು ಬಂತು, ಮಾಲೀಕರಿಗೆ 100 ಕೊಡಬೇಕು, ಮುಗಿಯಿತು. ಮಾನದಂಡದ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಇಂಥ ಸಾಲವನ್ನು ಹೊರಗಿನವರು ಕೊಟ್ಟಿದ್ದರೆ ಎಷ್ಟು ಬಡ್ಡಿ ಹಾಕುತ್ತಿದ್ದರು ಎಂದು ಊಹಿಸಬೇಕು. ಶೇ 10 ಎಂದು ಊಹಿಸಿದೆವು ಎನ್ನಿ. ಮೂರು ವರ್ಷದ ನಂತರದ 100ರ ಇಂದಿನ ಬೆಲೆ 75.13. ಸಾಲವೆಂದು ತೋರಿಸಬೇಕಾದ್ದು ಅಷ್ಟೇ. ಉಳಿದ 24.87 ಮಾಲೀಕರು ಕಂಪನಿಗೆ ಹಾಕಿದ ಬಂಡವಾಳವಾಗುತ್ತದೆ. ಮೊದಲ ವರ್ಷ 7.51 ಬಡ್ಡಿ ಖರ್ಚು, ಎರಡನೆಯ ವರ್ಷ 8.26, ಮೂರನೆಯ ವರ್ಷ 9.09. ಈ ಬಡ್ಡಿಯನ್ನು ಯಾರೂ ಕೇಳಿಲ್ಲ, ಯಾರೂ ಕೊಡುವುದಿಲ್ಲ, ಯಾರೂ ಪಡೆಯುವುದಿಲ್ಲ. ಆದರೂ ಮೂರು ವರ್ಷ ಕಂಪನಿಯ ಲಾಭದಿಂದ ಅದು ಕಡಿತವಾಗುತ್ತಲೇ ಇರುತ್ತದೆ.

ತತ್ತ್ವದಲ್ಲಿ ಇದು ಸರಿ ಎಂದು ನನಗೆ ಗೊತ್ತು. ಹಣಕ್ಕೆ ಕಾಲದ ಬೆಲೆಯಿದೆ. ಬಡ್ಡಿ ಇಲ್ಲದ ಸಾಲದೊಳಗೆ ಒಂದು ಉಡುಗೊರೆ ಅಡಗಿದೆ. ದೂರದ ಹೂಡಿಕೆದಾರನೊಬ್ಬ ಎರಡು ಕಂಪನಿಗಳನ್ನು ಹೋಲಿಸಿ ನೋಡುವಾಗ ಇದು ಉಪಯೋಗಕ್ಕೆ ಬರಬಹುದು. ಈ ಕಂಪನಿಗೆ ಅಂಥ ಹೂಡಿಕೆದಾರನೇ ಇಲ್ಲ. ಸಾಲದಾತನಿಗೆ ಬೇಕಾದ ಮಾಹಿತಿ ಬೇರೆಯದು: ಮಾಲೀಕರು ಈ ಹಣವನ್ನು ಬ್ಯಾಂಕಿನ ಸಾಲ ತೀರುವ ಮುಂಚೆ ಹಿಂದೆಗೆಯುತ್ತಾರೋ ಇಲ್ಲವೋ? ಅದಕ್ಕೆ 75.13ರಲ್ಲಿ ಉತ್ತರವಿಲ್ಲ.

ನಮೂದಿನಿಂದ ತಪ್ಪಿಸಿಕೊಳ್ಳಲು ನಮ್ಮ ವೃತ್ತಿಯಲ್ಲಿ ಏನು ಮಾಡುತ್ತಾರೆ ಎಂಬುದನ್ನೂ ಕೇಳಿ. ಕೇಳಿದ ಕೂಡಲೇ ಹಿಂದಿರುಗಿಸಬೇಕಾದ ಸಾಲವಾದರೆ ಈ ಕಡಿತದ ಲೆಕ್ಕ ಬೇಡ. ಪೂರ್ತಿ 100ನ್ನೇ ತೋರಿಸಬಹುದು. ಹಾಗಾಗಿ 'ಮೂರು ವರ್ಷದ ನಂತರ' ಎಂಬುದನ್ನು ಹೊಡೆದುಹಾಕಿ 'ಕೇಳಿದಾಗ ವಾಪಸ್' ಎಂದು ಕಾಗದವನ್ನು ತಿದ್ದಿ ಬರೆಸಲು ಸಲಹೆ ಕೊಡುವವರಿದ್ದಾರೆ. ಲೆಕ್ಕ ಸುಲಭವಾಯಿತು. ಆದರೆ ಈಗ ಆ 100 ದೀರ್ಘಾವಧಿಯ ಸಾಲದ ಪಟ್ಟಿಯಿಂದ ಜಿಗಿದು ತಕ್ಷಣ ತೀರಿಸಬೇಕಾದ ಹೊಣೆಗಳ ಪಟ್ಟಿಯಲ್ಲಿ ಕೂರುತ್ತದೆ. ಕಂಪನಿಯ ಚಾಲ್ತಿ ಆಸ್ತಿಗೂ ಚಾಲ್ತಿ ಹೊಣೆಗೂ ಇರುವ ಅನುಪಾತ ಕುಸಿಯುತ್ತದೆ. ಬ್ಯಾಂಕಿನ ತಂತ್ರಾಂಶ ಅದನ್ನು ಕೆಂಪಗೆ ತೋರಿಸುತ್ತದೆ. ಆಗ ಮಾಲೀಕರು 'ಬ್ಯಾಂಕಿನ ಸಾಲ ತೀರುವವರೆಗೆ ನನ್ನ ಹಣ ಕೇಳುವುದಿಲ್ಲ' ಎಂದು ಬ್ಯಾಂಕಿಗೆ ಇನ್ನೊಂದು ಕಾಗದ ಬರೆದುಕೊಡಬೇಕು. ಆ ಕಾಗದ ಬಂದ ಮೇಲೆ ಸಾಲವನ್ನು 'ಕೇಳಿದಾಗ ವಾಪಸ್' ಎನ್ನಬಹುದೇ ಎಂದು ಲೆಕ್ಕಪರಿಶೋಧಕರು ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ನಾವು ಹೊರಟ ಜಾಗಕ್ಕೇ ಬಂದು ನಿಂತಿರುತ್ತೇವೆ. ಇದ್ದ ಸಂಗತಿಯನ್ನು ಲೆಕ್ಕ ತೋರಿಸಬೇಕಿತ್ತು. ಇಲ್ಲಿ ಲೆಕ್ಕಕ್ಕೆ ಹೊಂದುವಂತೆ ಸಂಗತಿಯನ್ನೇ ಬದಲಿಸಿದ್ದಾಯಿತು.

ಪರಿಹಾರ ಕಷ್ಟದ್ದೇನಲ್ಲ. ಬ್ರಿಟನ್‌ನ ಮಾನದಂಡ ರೂಪಿಸುವವರು ಇದೇ ದೂರು ಕೇಳಿ, 2017ರಲ್ಲಿ ಎಫ್‌ಆರ್‌ಎಸ್ 102ಕ್ಕೆ ತಿದ್ದುಪಡಿ ತಂದರು. ಸಣ್ಣ ಕಂಪನಿಗೆ ಅದರ ಷೇರುದಾರನೂ ಆದ ನಿರ್ದೇಶಕ ಕೊಟ್ಟ ಸಾಲವನ್ನು ಕೊಟ್ಟ ಮೊತ್ತಕ್ಕೇ ತೋರಿಸಬಹುದು ಎಂದರು. ಅಲ್ಲಿಂದ ಇಲ್ಲಿಯವರೆಗೆ ಆಕಾಶವೇನೂ ಕಳಚಿ ಬಿದ್ದಿಲ್ಲ. ನೀವೂ ಇಷ್ಟು ಮಾಡಿ. ಜೊತೆಗೆ ಒಂದು ಸಾಲಿನ ಟಿಪ್ಪಣಿ ಕೇಳಿ: ಈ ಹಣ ಯಾರದು, ಯಾವಾಗ ವಾಪಸ್, ಬ್ಯಾಂಕಿಗಿಂತ ಮುಂಚೆಯೋ ನಂತರವೋ. ಓದುವವನಿಗೆ ಬೇಕಾದದ್ದು ಆ ಒಂದು ಸಾಲು.

ಮುಂದೂಡಿದ ತೆರಿಗೆಯ, ಅಂದರೆ ಈ ವರ್ಷ ಉಳಿದು ಮುಂದಿನ ವರ್ಷಗಳಲ್ಲಿ ಬರುವ ತೆರಿಗೆಯ, ಕಥೆಯೂ ಇದರ ತಂಗಿಯೇ. 100 ಕೊಟ್ಟು ಯಂತ್ರ ತಂದಿದ್ದೇವೆ. ಪುಸ್ತಕದಲ್ಲಿ ಮೊದಲ ವರ್ಷ 20 ಸವಕಳಿ, ತೆರಿಗೆ ಕಾನೂನು 40 ಕಳೆಯಲು ಬಿಡುತ್ತದೆ. ವ್ಯತ್ಯಾಸ 20; ತೆರಿಗೆ ದರ ಶೇ 25 ಎಂದರೆ 5ನ್ನು ಮುಂದೂಡಿದ ತೆರಿಗೆ ಹೊಣೆ ಎಂದು ತೋರಿಸಬೇಕು. 'ಇದನ್ನು ಯಾರಿಗೆ ಕಟ್ಟಬೇಕು, ಯಾವ ತಾರೀಖಿಗೆ?' ಎಂದು ಮಾಲೀಕರು ಕೇಳಿದರೆ, ಯಾರಿಗೂ ಅಲ್ಲ, ಯಾವ ತಾರೀಖಿಗೂ ಅಲ್ಲ, ಮುಂದಿನ ವರ್ಷಗಳ ತೆರಿಗೆಯಲ್ಲಿ ಇದು ತಾನಾಗಿ ಸರಿಹೋಗುತ್ತದೆ ಎನ್ನಬೇಕು. ಅಷ್ಟರಲ್ಲಿ ಅವರು ಇನ್ನೊಂದು ಯಂತ್ರ ಕೊಂಡಿರುತ್ತಾರೆ, ಹೊಣೆ ಹಾಗೇ ಉಳಿದಿರುತ್ತದೆ. ಸಾಲದ ಅರ್ಜಿ ಪರಿಶೀಲಿಸುವವರು ಆ 5ನ್ನು ಬದಿಗಿಟ್ಟು ಲೆಕ್ಕ ಹಾಕಿದ್ದನ್ನು ನೋಡಿದ್ದೇನೆ. ಬರೆಯುವವನಿಗೂ ಬೇಡ, ಓದುವವನಿಗೂ ಬೇಡ. ಬ್ರಿಟನ್‌ನ ಅತಿಸಣ್ಣ ಸಂಸ್ಥೆಗಳ ಎಫ್‌ಆರ್‌ಎಸ್ 105 ಮಾನದಂಡದಲ್ಲಿ ಮುಂದೂಡಿದ ತೆರಿಗೆಗೆ ಜಾಗವೇ ಇಲ್ಲ. ಅಮೆರಿಕದ ಪ್ರಮಾಣೀಕೃತ ಲೆಕ್ಕಿಗರ ಸಂಸ್ಥೆ 2013ರಲ್ಲಿ ಸಣ್ಣ ಉದ್ಯಮಗಳಿಗೆ ಮಾಡಿಕೊಟ್ಟ ಚೌಕಟ್ಟಿನಲ್ಲಿ ಈ ವರ್ಷ ಕಟ್ಟಬೇಕಾದ ತೆರಿಗೆಯನ್ನಷ್ಟೇ ತೋರಿಸುವ ಆಯ್ಕೆ ಇದೆ. ನಿಮ್ಮ ಪುಸ್ತಕದಲ್ಲಿ ಆ ಆಯ್ಕೆ ಇಲ್ಲ.

'ಅತಿಯಾದ ವೆಚ್ಚ ಅಥವಾ ಶ್ರಮ' ಬೇಡುವ ಕೆಲವು ಲೆಕ್ಕಗಳಿಂದ ವಿನಾಯಿತಿ ಇದೆಯಲ್ಲ ಎಂದು ನೀವು ಹೇಳಬಹುದು. ಇದೆ. ಅದನ್ನು ಬಳಸಿದರೆ, ಬಳಸಿದ್ದೇವೆ ಎಂದೂ ಯಾವ ಕಾರಣಕ್ಕೆ ಬಳಸಿದೆವು ಎಂದೂ ಟಿಪ್ಪಣಿಯಲ್ಲಿ ವಿವರಿಸಬೇಕು. ಕಾರಣವನ್ನು ಲೆಕ್ಕಪರಿಶೋಧಕರು ಒಪ್ಪುವ ಹಾಗೆ ಬರೆಯುವ ಶ್ರಮಕ್ಕಿಂತ ಲೆಕ್ಕ ಮಾಡಿಬಿಡುವುದೇ ವಾಸಿ ಎನಿಸುವುದುಂಟು. ವಿನಾಯಿತಿ ಕೊಡುವುದಾದರೆ ಬಾಗಿಲು ತೆರೆದು ಕೊಡಿ. ಪ್ರತಿಸಲ ಅರ್ಜಿ ಬರೆಸಿಕೊಂಡು ಕೊಡಬೇಡಿ.

ಟಿಪ್ಪಣಿಗಳ ವಿಷಯ ಹೆಚ್ಚು ಬೆಳೆಸುವುದಿಲ್ಲ. ಲೆಕ್ಕನೀತಿಗಳ ಪುಟಗಳು ಹೋದ ವರ್ಷದ್ದರ ಪ್ರತಿ. ಹೋದ ವರ್ಷದ್ದು ಅದರ ಹಿಂದಿನ ವರ್ಷದ್ದರ ಪ್ರತಿ. ಒಂದು ಕಂಪನಿಯ ಹೆಸರು ಅಳಿಸಿ ಇನ್ನೊಂದರ ಹೆಸರು ಹಾಕಿದರೂ ಓದುವವರಿಗೆ ಗೊತ್ತಾಗದಷ್ಟು ಒಂದೇ ಅಚ್ಚು. ನಮ್ಮ ಕಡೆಯ ತಪ್ಪೂ ಇದರಲ್ಲಿದೆ ಎಂದು ನೀವು ಬೊಟ್ಟು ಮಾಡಬಹುದು; ಆದರೆ ಎಲ್ಲರಿಂದಲೂ ಒಂದೇ ವಾಕ್ಯ ಕೇಳಿದರೆ ಎಲ್ಲರೂ ಒಂದೇ ವಾಕ್ಯ ಕೊಡುತ್ತಾರೆ. ಮಾನದಂಡ ಹೇಳಿದಂತೆಯೇ ನಡೆದಿದ್ದೇವೆ ಎಂಬುದನ್ನು ಒಂದು ಸಾಲಿನಲ್ಲಿ ಹೇಳಿಸಿ, ಬೇರೆ ದಾರಿ ಹಿಡಿದ ಕಡೆ ಮಾತ್ರ ವಿವರ ಕೇಳಿ.

ಈಗ ಬ್ಯಾಂಕುಗಳಿಗೆ ಮತ್ತು ಸರ್ಕಾರಗಳಿಗೆ ಎರಡು ಮಾತು. ಮಂಡಳಿಯೊಂದನ್ನೇ ದೂರಿ ಪ್ರಯೋಜನವಿಲ್ಲ, ಏಕೆಂದರೆ ಸಣ್ಣ ಉದ್ಯಮಿಯ ಸಮಯ ಹೆಚ್ಚಾಗಿ ಹಾಳಾಗುವುದು ಮಾನದಂಡದ ಪುಟಗಳಲ್ಲಲ್ಲ. ಒಂದೇ ಮಾರಾಟದ ಮೊತ್ತ ವಾರ್ಷಿಕ ಲೆಕ್ಕದಲ್ಲಿ ಒಂದು ರೂಪದಲ್ಲಿ ಹೋಗುತ್ತದೆ, ತೆರಿಗೆ ನಮೂನೆಯಲ್ಲಿ ಇನ್ನೊಂದು ರೂಪದಲ್ಲಿ, ಅಂಕಿಅಂಶ ಇಲಾಖೆಗೆ ಮತ್ತೊಂದು ರೂಪದಲ್ಲಿ. ಸಾಲಕ್ಕೆ ಹೋದರೆ ಬ್ಯಾಂಕಿನ ಹಾಳೆಯಲ್ಲಿ ಖರ್ಚುಗಳ ಹೆಸರುಗಳೇ ಬೇರೆ. ಪಕ್ಕದ ಬ್ಯಾಂಕಿಗೆ ಹೋದರೆ ಅವೂ ಬೇರೆ. ವರ್ಷ ಎಲ್ಲಿ ಶುರುವಾಗುತ್ತದೆ, ಸವಕಳಿ ಯಾವ ದರದಲ್ಲಿ, ಮಾಲೀಕರ ಸಂಬಳ ಖರ್ಚೋ ಅಲ್ಲವೋ ಎಂಬುದರಲ್ಲೂ ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದುವುದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ನಡುವೆ ಸಿಕ್ಕಿಕೊಂಡವರು ನಾವು. ವಾರ್ಷಿಕ ವರದಿಯಲ್ಲಿ ಮಂಡಳಿ ಹತ್ತು ಟಿಪ್ಪಣಿ ಕಡಿಮೆ ಮಾಡಿದರೆ ಸಾಲದಾತರು ಅದೇ ಹತ್ತನ್ನು ತಮ್ಮ ನಮೂನೆಯಲ್ಲಿ ಕೇಳುತ್ತಾರೆ. ಕೆಲಸ ಕಡಿಮೆಯಾಗುವ ಬದಲು ಸ್ಥಳ ಬದಲಿಸುತ್ತದೆ.

ಇದಕ್ಕೆ ದಾರಿ ಕಂಡುಕೊಂಡ ದೇಶಗಳಿವೆ. ನೆದರ್‌ಲ್ಯಾಂಡ್ಸ್‌ನಲ್ಲಿ ತೆರಿಗೆ, ಕಂಪನಿ ನೋಂದಣಿ, ಅಂಕಿಅಂಶ ಇವೆಲ್ಲಕ್ಕೂ ಒಂದೇ ಶಬ್ದಪಟ್ಟಿಯನ್ನು ಗೊತ್ತುಮಾಡಿ, ಲೆಕ್ಕದ ತಂತ್ರಾಂಶದಿಂದಲೇ ನೇರವಾಗಿ ಕಳಿಸುವ ಏರ್ಪಾಡು ಮಾಡಿದರು. 2013ರಿಂದ ಕಂಪನಿ ಆದಾಯ ತೆರಿಗೆಗೆ ಅದು ಕಡ್ಡಾಯವಾಯಿತು. 2016ರ ಹಣಕಾಸು ವರ್ಷದಿಂದ ಸಣ್ಣ ಕಂಪನಿಗಳ ವಾರ್ಷಿಕ ಲೆಕ್ಕಕ್ಕೂ ವಿಸ್ತರಿಸಿತು. ದೊಡ್ಡ ಬ್ಯಾಂಕುಗಳೂ ಅದೇ ಶಬ್ದಪಟ್ಟಿಗೆ ಕೈಜೋಡಿಸಿದವು ಎಂಬುದು ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡ ಸಾಧನೆ. ಆಸ್ಟ್ರೇಲಿಯಾ 2010ರಲ್ಲಿ ಇದೇ ಬಗೆಯ ವ್ಯವಸ್ಥೆ ಆರಂಭಿಸಿತು. ಇಲ್ಲಿ ಯಾರೂ ಮಾಹಿತಿ ಕೇಳುವುದನ್ನು ಬಿಟ್ಟಿಲ್ಲ. ಕೇಳುವವರು ಒಂದೆಡೆ ಕುಳಿತು ತಮ್ಮ ಶಬ್ದಗಳನ್ನು ಒಪ್ಪಂದಕ್ಕೆ ತಂದುಕೊಂಡರು, ಅಷ್ಟೇ. ಅದು ತಂತ್ರಜ್ಞಾನದ ಕೆಲಸಕ್ಕಿಂತ ಹೆಚ್ಚಾಗಿ ಸ್ವಾಭಿಮಾನ ಬಿಡುವ ಕೆಲಸ. ಒಂದು ಇಲಾಖೆ ತನ್ನ ನಮೂನೆಯ ಒಂದು ಕಾಲಂ ಬಿಟ್ಟುಕೊಡುವುದು ಎಷ್ಟು ಕಷ್ಟ ಎಂಬುದು ಕಚೇರಿಗಳ ಒಳಹೊರಗು ಬಲ್ಲವರಿಗೆಲ್ಲ ಗೊತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮಂಡಳಿ ಬಿಟ್ಟ ಟಿಪ್ಪಣಿಯನ್ನು ದೇಶದ ಕಾನೂನು ಮತ್ತೆ ಸೇರಿಸುವುದುಂಟು. ಈ ವಿಷಯದಲ್ಲಿ ಐರೋಪ್ಯ ಒಕ್ಕೂಟದ 2013ರ ಲೆಕ್ಕಪತ್ರ ನಿರ್ದೇಶನದಿಂದ ಕಲಿಯುವುದಿದೆ. ಸಣ್ಣ ಕಂಪನಿಗಳಿಂದ ಕೇಳಬಹುದಾದ ಟಿಪ್ಪಣಿಗಳಿಗೆ ಅದು ಮೇಲ್ಮಿತಿ ಹಾಕಿತು. ಆ ಪಟ್ಟಿಯನ್ನು ಮೀರಿ ಹೆಚ್ಚಿನದನ್ನು ಕೇಳುವ ಸ್ವಾತಂತ್ರ್ಯ ಸದಸ್ಯ ದೇಶಗಳಿಗೆ ಉಳಿಯಲಿಲ್ಲ. ನಿಯಮ ಮಾಡುವವರೆಲ್ಲ ಕನಿಷ್ಠ ಇಷ್ಟಿರಬೇಕು ಎಂದು ಬರೆದು ರೂಢಿ. ಗರಿಷ್ಠ ಇಷ್ಟೇ ಎಂದು ಬರೆಯುವ ಧೈರ್ಯ ಅಪರೂಪ.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲವನ್ನೂ ಕತ್ತರಿಸಿ ಎಂದು ಕೇಳುತ್ತಿದ್ದೇನೆ ಎಂದು ತಿಳಿಯಬೇಡಿ. ಕತ್ತರಿ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೂ ಬ್ರಿಟನ್ನೇ ನಿದರ್ಶನ. ಅಲ್ಲಿ ಸಣ್ಣ ಮತ್ತು ಅತಿಸಣ್ಣ ಕಂಪನಿಗಳು ಸಾರ್ವಜನಿಕ ದಾಖಲೆಗೆ ಲಾಭ-ನಷ್ಟದ ಲೆಕ್ಕವನ್ನೇ ಕೊಡದೆ ತೆಳುವಾದ ಆಸ್ತಿ-ಹೊಣೆ ಪಟ್ಟಿಯೊಂದನ್ನು ಸಲ್ಲಿಸಿದರೆ ಸಾಕಿತ್ತು. ಸರಕು ಕೊಡುವವನಿಗೆ ಎದುರಿನ ಕಂಪನಿ ವ್ಯಾಪಾರ ಮಾಡುತ್ತಿದೆಯೋ ಹೆಸರಿಗಷ್ಟೇ ಇದೆಯೋ ತಿಳಿಯದು. ಕಪ್ಪುಹಣ ಸಾಗಿಸುವವರಿಗೆ ಅದು ಅನುಕೂಲವಾಯಿತು ಎಂಬ ಆಕ್ಷೇಪ ಬಲವಾಗಿ, ಲಾಭ-ನಷ್ಟದ ಲೆಕ್ಕ ಸಲ್ಲಿಸುವಂತೆ ಮಾಡುವ ಅವಕಾಶವನ್ನು ಆರ್ಥಿಕ ಅಪರಾಧ ಕುರಿತ 2023ರ ಕಾನೂನಿನಲ್ಲಿ ಸೇರಿಸಬೇಕಾಯಿತು. ಓದುಗನನ್ನು ಮರೆತು ಸೇರಿಸಿದರೂ ತೊಂದರೆ, ಮರೆತು ತೆಗೆದರೂ ತೊಂದರೆ.

ಹಾಗಾಗಿ ತೆಗೆಯಬಾರದ್ದು ಯಾವುದು ಎಂದೂ ಹೇಳಬೇಕು. ಮಾಲೀಕರ, ಅವರ ಬಂಧುಗಳ, ಅವರ ಇನ್ನೊಂದು ಕಂಪನಿಯ ಜೊತೆಗಿನ ವ್ಯವಹಾರ ಇರಲೇಬೇಕು. ಸಣ್ಣ ಕಂಪನಿಯ ಹಣ ಸೋರುವುದಾದರೆ ಬಹುಮಟ್ಟಿಗೆ ಆ ಬಾಗಿಲಿನಿಂದಲೇ. ಬೇರೆಯವರ ಸಾಲಕ್ಕೆ ಕಂಪನಿ ಹಾಕಿದ ಜಾಮೀನು ಇರಬೇಕು. ಆಸ್ತಿ-ಹೊಣೆ ಪಟ್ಟಿಯಲ್ಲಿ ಅದು ಕಾಣುವುದಿಲ್ಲ, ಒಂದು ದಿನ ಇಡೀ ಕಂಪನಿಯನ್ನು ನುಂಗಬಹುದು. ಅಡವಿಟ್ಟ ಆಸ್ತಿಯ ವಿವರ ಇರಬೇಕು.

ಇನ್ನು ನಗದು. ಸಣ್ಣವರಿಗೆ ನಗದು ಹರಿವಿನ ಪಟ್ಟಿ ಬೇಡ ಎಂಬುದು ಅನೇಕ ಕಡೆ ಸರಳೀಕರಣದ ಮೊದಲ ಕೊಡುಗೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ನಿರ್ಧಾರ. ಲಾಭವಿದ್ದೂ ಮುಳುಗಿದ ಉದ್ಯಮಗಳನ್ನು ಈ ಕಸುಬಿನಲ್ಲಿರುವ ಎಲ್ಲರೂ ಕಂಡಿದ್ದೇವೆ. ಸರಕು ಹೋಯಿತು, ಬಿಲ್ ಆಯಿತು, ಪುಸ್ತಕದಲ್ಲಿ ಲಾಭ ಬಂತು. ಹಣ ಮಾತ್ರ ಬರಲಿಲ್ಲ, ಸಂಬಳದ ದಿನ ಬಂತು. ನೀವು ನಗದು ಪಟ್ಟಿಯನ್ನು ಉಳಿಸಿಕೊಂಡಿದ್ದೀರಿ, ಅದು ಒಳ್ಳೆಯದೇ. ಆದರೆ ಲಾಭದಿಂದ ಶುರುಮಾಡಿ ಸವಕಳಿ ಕೂಡಿಸಿ, ದಾಸ್ತಾನಿನ ಏರಿಳಿತ ಕಳೆದು, ಹಿಂದು ಮುಂದಾಗಿ ನಗದಿಗೆ ಬಂದು ಸೇರುವ ಬಳಸುದಾರಿಯ ರೂಪವೇ ಬಳಕೆಯಲ್ಲಿರುವುದು. ಅದನ್ನು ಓದಬಲ್ಲ ಸಣ್ಣ ಉದ್ಯಮಿಯನ್ನು ನಾನು ಕಂಡಿಲ್ಲ. ಗಿರಾಕಿಗಳಿಂದ ಬಂದದ್ದು ಇಷ್ಟು, ಸರಕು ಕೊಟ್ಟವರಿಗೆ ಹೋದದ್ದು ಇಷ್ಟು, ಸಂಬಳ ಇಷ್ಟು, ತೆರಿಗೆ ಇಷ್ಟು, ಸಾಲದ ಕಂತು ಇಷ್ಟು, ಮಾಲೀಕರು ತೆಗೆದುಕೊಂಡದ್ದು ಇಷ್ಟು ಎಂದು ಅರ್ಧ ಪುಟದಲ್ಲಿ ನೇರವಾಗಿ ಬರೆದರೆ ಮಾಲೀಕರೂ ಬ್ಯಾಂಕಿನವರೂ ಒಂದೇ ಹಾಳೆ ಹಿಡಿದು ಮಾತಾಡಬಹುದು. ನೇರ ವಿಧಾನಕ್ಕೆ ನಿಮ್ಮ ಮಾನದಂಡದಲ್ಲಿ ಈಗಲೂ ಅವಕಾಶವಿದೆ. ಅತಿಸಣ್ಣವರ ಮಟ್ಟಿಗೆ ಅದನ್ನೇ ಮುಖ್ಯ ದಾರಿ ಮಾಡಿ. ಅದರ ಕೆಳಗೆ ಬಾಕಿದಾರರ ಪಟ್ಟಿಯನ್ನು ಎಷ್ಟು ದಿನದಿಂದ ಬಾಕಿ ಎಂಬ ಪ್ರಕಾರ ಕೂಡಿಸಿದರೆ ಸಾಲದಾತರ ಅರ್ಧ ಪ್ರಶ್ನೆಗಳು ಅಲ್ಲಿಗೇ ನಿಲ್ಲುತ್ತವೆ.

ನಮ್ಮವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಿಯಮ ಗೋಜಲಾದಷ್ಟೂ ನಮ್ಮ ಶುಲ್ಕ ಏರುತ್ತದೆ. ಕರಡುಗಳಿಗೆ ಅಭಿಪ್ರಾಯ ಬರೆಯುವವರಲ್ಲಿ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳು, ವೃತ್ತಿ ಸಂಘಗಳು, ಅಧ್ಯಾಪಕರು ಇರುತ್ತಾರೆ. ಐದು ಜನರ ವರ್ಕ್‌ಷಾಪಿನ ಮಾಲೀಕರು ಇರುವುದಿಲ್ಲ. ಇಂಗ್ಲಿಷಿನಲ್ಲಿರುವ ನೂರಾರು ಪುಟಗಳ ಕರಡಿಗೆ ಗಡುವಿನೊಳಗೆ ಉತ್ತರ ಬರೆಯಿರಿ ಎಂದರೆ ಅವರು ಅಂಗಡಿ ಮುಚ್ಚಿ ಕೂರಬೇಕಾಗುತ್ತದೆ. ಅವರು ಬರೆದಿಲ್ಲ ಎಂದರೆ ಅವರಿಗೆ ತಕರಾರಿಲ್ಲ ಎಂದು ಓದಿಕೊಳ್ಳಬೇಡಿ. ಸಾಲದ ಅರ್ಜಿ ಪರಿಶೀಲಿಸುವ ಕಿರಿಯ ಅಧಿಕಾರಿಗಳನ್ನು ಕೂರಿಸಿಕೊಂಡು, ವರದಿಯ ಯಾವ ಸಾಲಿನ ಮೇಲೆ ಅವರ ಪೆನ್ಸಿಲ್ ನಿಲ್ಲುತ್ತದೆ, ಯಾವ ಪುಟ ತೆರೆಯದೆ ಮುಂದೆ ಹೋಗುತ್ತದೆ ಎಂದು ನೋಡಿ. ಬರೆಯುವವರ ಮೇಲೆ ಕರಡನ್ನು ಪರೀಕ್ಷಿಸಿದ ಹಾಗೆ ಓದುವವರ ಮೇಲೂ ಪರೀಕ್ಷಿಸಿ.

ಇನ್ನೊಂದು ಬೇಡಿಕೆ ಸುಲಭದ್ದು: ಬದಲಾವಣೆ ಅಪರೂಪವಾಗಿರಲಿ. 2009, 2015, 2025 ಎಂಬ ನಿಮ್ಮ ಈವರೆಗಿನ ನಡೆ ನಮಗೆ ಹಿತವಾಗಿದೆ. ಮೂರನೆಯ ಆವೃತ್ತಿ ಆದಾಯದ ಲೆಕ್ಕಕ್ಕೆ ತಂದಿರುವ ಐದು ಹೆಜ್ಜೆಗಳ ಕ್ರಮ 2027ರ ಜನವರಿ 1ರಿಂದ ಜಾರಿಗೆ ಬರುತ್ತದೆ. ಸರಕು ಕೊಟ್ಟು ಹಣ ಎಣಿಸಿಕೊಳ್ಳುವವರಿಗೆ ಅದರಿಂದ ಹೆಚ್ಚೇನೂ ವ್ಯತ್ಯಾಸವಿಲ್ಲ. ಯಂತ್ರ ಮಾರಿ ಅದರೊಂದಿಗೆ ಎರಡು ವರ್ಷದ ನಿರ್ವಹಣೆಯನ್ನೂ ಒಂದೇ ಬೆಲೆಗೆ ಒಪ್ಪಿಕೊಂಡವರು ಆ ಬೆಲೆಯನ್ನು ಹರಿದು ಹಂಚಬೇಕಾಗುತ್ತದೆ. ಅಂಥವರಿಗೆ ನಾಲ್ಕು ಪುಟಗಳ, ಅಂಕಿ ಹಾಕಿ ತೋರಿಸಿದ ಉದಾಹರಣೆಗಳನ್ನು ಅವರವರ ಭಾಷೆಯಲ್ಲಿ ಸಿಗುವಂತೆ ಮಾಡಿ. ವರದಿಯ ಕೊನೆಗೆ 'ಇದಕ್ಕೆ ನಾನೇ ಹೊಣೆ' ಎಂದು ಸಹಿ ಹಾಕುವವರು ಅವರು.

ಮುಂದಿನ ಪರಿಷ್ಕರಣೆಯ ಕೆಲಸ ಕೈಗೆತ್ತಿಕೊಂಡಾಗ ಅತಿಸಣ್ಣ ಸಂಸ್ಥೆಗಳಿಗೆ ಮಾನದಂಡದೊಳಗೇ ಒಂದು ಪ್ರತ್ಯೇಕ ಹಂತ ಇರಬೇಕೇ ಎಂಬ ಪ್ರಶ್ನೆಯನ್ನು ಕಾರ್ಯಸೂಚಿಯ ಮೊದಲ ಪುಟದಲ್ಲಿ ಇಡಿ. ಗಾತ್ರದ ಗೆರೆ ಎಲ್ಲಿ ಎಂಬುದನ್ನು ಆಯಾ ದೇಶಗಳಿಗೆ ಬಿಡಿ. ಗೆರೆಯ ಈಚೆಗಿನವರಿಂದ ಗರಿಷ್ಠ ಏನು ಕೇಳಬಹುದು ಎಂಬುದನ್ನು ನೀವು ಬರೆಯಿರಿ. ಕರಡಿನಲ್ಲಿ ಪ್ರತಿ ಬೇಡಿಕೆಯ ಎದುರು ಒಂದು ಕಾಲಂ ಇರಲಿ: ಇದನ್ನು ಓದುವವರು ಯಾರು, ಓದಿ ಯಾವ ನಿರ್ಧಾರ ಮಾಡುತ್ತಾರೆ. ಮಾಲೀಕರ ಬಡ್ಡಿರಹಿತ ಸಾಲ ಮತ್ತು ಮುಂದೂಡಿದ ತೆರಿಗೆ ಎಂಬ ಎರಡು ಸಾಲುಗಳಿಂದ ಆ ಕಾಲಂ ತುಂಬಲು ಶುರುಮಾಡಬಹುದು.

ಇಂತಿ,
ಸಣ್ಣ ಉದ್ಯಮಗಳ ಲೆಕ್ಕ ಬರೆಯುವವರಲ್ಲೊಬ್ಬ